ಎಲೆ ಬಾಡಿದರೆ ಬೇರು ಅಗೆದು ನೋಡಿ

ನನ್ನ ಅರ್ಧ ಎಕರೆ ಪಪ್ಪಾಯಿ ಹೋದದ್ದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಅದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆ ವರ್ಷ ಪಕ್ಕದ ಹೊಲದವರು ಮೊದಲ ಸಲ ನೆಲ್ಲು ಹಚ್ಚಿದ್ದರು. ಅವರ ಗದ್ದೆಗೂ ನನ್ನ ತೋಟಕ್ಕೂ ನಡುವೆ ಇದ್ದದ್ದು ಒಂದು ಬದು ಅಷ್ಟೇ. ಎಂಟು ಹತ್ತು ದಿನ ಕಳೆಯುವಷ್ಟರಲ್ಲಿ ಬದುವಿನ ಕಡೆಯ ಗಿಡಗಳ ಎಲೆ ಮಧ್ಯಾಹ್ನ ಜೋತು ಬೀಳತೊಡಗಿದವು. ಸಂಜೆಗೆ ಮತ್ತೆ ಎದ್ದು ನಿಲ್ಲುತ್ತಿದ್ದವು. ಬಿಸಿಲಿಗೆ ನೀರು ಸಾಲುತ್ತಿಲ್ಲ ಅಂದುಕೊಂಡು ಪಂಪ್‌ಸೆಟ್ ಚಾಲೂ ಮಾಡಿದೆ. ಕೆಳಗಿನ ಎಲೆ ಹಳದಿಯಾದವು, ಗಿಡಕ್ಕೊಂದು ಹಿಡಿ ಯೂರಿಯಾ ಹಾಕಿದೆ. ಅಂಗಡಿಯವರು ಒಂದು ಬಾಟಲಿ ಔಷಧಿ ಕೊಟ್ಟರು, ಅದನ್ನೂ ಹೊಡೆದೆ. ಗಿಡ ಮಾತ್ರ ದಿನಕ್ಕೊಂದು ಸಾಲು ಮಲಗುತ್ತಾ ಬಂತು.

ಆಗ ನಮ್ಮ ಓಣಿಯ ಹಿರಿಯರೊಬ್ಬರು ಬಂದು ನೋಡಿದರು. ಎಲೆ ಮುಟ್ಟಲಿಲ್ಲ. "ತಮ್ಮಾ, ಬಾಡಿದ್ದು ಎಲಿ, ಬ್ಯಾನಿ ಇರೋದು ಬೇರಿಗೆ. ಸಲಿಕಿ ತಗೊಂಡ ಬಾ" ಅಂದರು. ಒಂದು ಗಿಡದ ಬುಡ ಅಗೆದೆವು. ಒಂದು ಮೊಳ ಕೆಳಗೆ ಹೋಗುವಷ್ಟರಲ್ಲಿ ಕುಣಿಯಲ್ಲಿ ನೀರು ಒಸರಿತು. ಬೇರು ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ ಬರುವ ಹಾಗೆ ಕೊಳೆತಿತ್ತು. ನೀರಿನಲ್ಲೇ ನಿಂತ ಗಿಡ ನೀರಿಲ್ಲದೆ ಸಾಯುತ್ತಿತ್ತು. ಅದಕ್ಕೆ ನಾನು ಇನ್ನಷ್ಟು ನೀರು ಕೊಡುತ್ತಿದ್ದೆ.

ಗಿಡದ ಯಾವ ಅಂಗ ಯಾವ ಕೆಲಸ ಮಾಡುತ್ತೆ ಅನ್ನೋದನ್ನು ಶಾಲೆಯಲ್ಲಿ ನಾವೆಲ್ಲ ಓದಿದವರೇ. ಬೇರು, ಕಾಂಡ, ಎಲೆ, ಹೂ, ಕಾಯಿ ಎಂದು ಚಿತ್ರ ಬರೆದು ಗೆರೆ ಎಳೆದು ಹೆಸರು ಬರೆದಿದ್ದೂ ಆಯ್ತು. ಆ ಪಾಠ ಹೊಲಕ್ಕೆ ಬರಲಿಲ್ಲ. ಹೊಲಕ್ಕೆ ತಂದರೆ ಏನೇನು ಕಾಣುತ್ತೆ ಅನ್ನೋದನ್ನು ನಮ್ಮ ಕಡೆಯ ಬೆಳೆಗಳನ್ನೇ ಹಿಡಿದು ಇಲ್ಲಿ ಬರೆಯುತ್ತಿದ್ದೇನೆ.

ಬೇರಿಗೂ ಉಸಿರು ಬೇಕು

ಬೇರಿನ ಕೆಲಸ ಮೂರು ಎಂದು ಪುಸ್ತಕದಲ್ಲಿದೆ. ಗಿಡವನ್ನು ಹಿಡಿದು ನಿಲ್ಲಿಸೋದು, ನೀರು ಹೀರೋದು, ನೀರಿನಲ್ಲಿ ಕರಗಿದ ಸತ್ವ ಹೀರೋದು. ಇದನ್ನೆಲ್ಲ ಮಾಡಲು ಬೇರಿಗೆ ಶಕ್ತಿ ಬೇಕು, ಶಕ್ತಿಗೆ ಉಸಿರು ಬೇಕು. ನಾವು ಮರೆಯೋದು ಇದನ್ನೇ. ಒಳ್ಳೆ ಮಣ್ಣಿನಲ್ಲಿ ಕಾಳಿನ ನಡುವೆ ಸಣ್ಣ ಸಣ್ಣ ಸಂದು ಇರುತ್ತವೆ, ಕೆಲವು ಸಂದಿಯಲ್ಲಿ ನೀರು, ಕೆಲವು ಸಂದಿಯಲ್ಲಿ ಗಾಳಿ. ನೀರು ನಿಂತರೆ ಗಾಳಿಯ ಸಂದು ಕೂಡ ನೀರಿನಿಂದಲೇ ತುಂಬಿಬಿಡುತ್ತೆ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕಿಂತ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನ. ಬೇರು ಉಸಿರುಗಟ್ಟುತ್ತೆ, ಹೀರುವ ಕೆಲಸ ನಿಲ್ಲುತ್ತೆ, ಮೇಲೆ ಎಲೆ ಬಾಡುತ್ತೆ. ಆಮೇಲೆ ಕೊಳೆ ರೋಗದ ಶಿಲೀಂಧ್ರ ಬಂದು ಉಳಿದದ್ದನ್ನು ಮುಗಿಸುತ್ತೆ. ಪಪ್ಪಾಯಿ ಇದರಲ್ಲಿ ಬಹಳ ನಾಜೂಕು. ಬುಡದಲ್ಲಿ ಎರಡು ದಿನ ನೀರು ನಿಂತರೂ ಗಿಡ ಕೈಬಿಟ್ಟು ಹೋಗಬಹುದು.

ಹಾಗಾದರೆ ನೆಲ್ಲು ಹೇಗೆ ತಿಂಗಳುಗಟ್ಟಲೆ ನೀರಿನಲ್ಲಿ ನಿಲ್ಲುತ್ತೆ? ಈ ಪ್ರಶ್ನೆ ನನಗೂ ಬಂತು. ನೆಲ್ಲಿನ ಬೇರನ್ನು ಹರಿತವಾದ ಬ್ಲೇಡಿನಿಂದ ಅಡ್ಡ ಕೊಯ್ದು ಬಿಸಿಲಿಗೆ ಹಿಡಿದು ನೋಡಿ, ಒಳಗೆ ಪೊಳ್ಳು ಪೊಳ್ಳಾಗಿ ಕಾಣುತ್ತೆ. ಅದು ಗಾಳಿಯ ದಾರಿ. ಎಲೆಯಿಂದ ಕಾಂಡ, ಕಾಂಡದಿಂದ ಬೇರಿನ ತುದಿಯವರೆಗೆ ಗಾಳಿ ಇಳಿಯುತ್ತೆ. ನೀರಿನೊಳಗೆ ಮುಳುಗಿದವನು ಬಾಯಲ್ಲಿ ಒಂದು ಕೊಳವೆ ಇಟ್ಟುಕೊಂಡ ಹಾಗೆ. ಜೋಳ, ತೊಗರಿ, ಮೆಣಸಿನಕಾಯಿ, ದಾಳಿಂಬೆಗೆ ಅಂಥ ದಾರಿ ಹುಟ್ಟಿನಿಂದ ಇಲ್ಲ.

ನೆಲ್ಲು ಬೆಳೆಯುವವರು ಇನ್ನೊಂದು ನೋಡಬೇಕು. ಒಂದು ಬುಡ ಕಿತ್ತು ಬೇರು ತೊಳೆಯಿರಿ. ತುದಿ ಬಿಳಿ, ಹಳೆಯ ಭಾಗ ಕಬ್ಬಿಣದ ತುಕ್ಕಿನ ಬಣ್ಣ ಇದ್ದರೆ ಗಿಡ ಚೆನ್ನಾಗಿದೆ. ಬೇರಿನಿಂದ ಹೊರಬಿದ್ದ ಆಮ್ಲಜನಕ ಕೆಸರಿನ ಕಬ್ಬಿಣಕ್ಕೆ ತಾಗಿ ಆ ಬಣ್ಣ ಬರುತ್ತೆ. ಬೇರು ಕರಿದಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಅಲ್ಲಿ ಗಾಳಿ ಪೂರ್ತಿ ಮುಗಿದು ವಿಷ ಅನಿಲ ಹುಟ್ಟಿದೆ ಅಂತ ಅರ್ಥ. ಆಗ ಗೊಬ್ಬರ ಹಾಕುವ ಬದಲು ಗದ್ದೆಯ ನೀರು ಬಸಿದು ಕೆಲವು ದಿನ ನೆಲ ಆರಲು ಬಿಡಬೇಕು. ಹೊಸ ಬಿಳಿ ಬೇರು ಬಂದ ಮೇಲೆ ಗೊಬ್ಬರ.

ನೀರು ಹೀರೋದು ಬೇರಿನ ಉದ್ದಕ್ಕೂ ಅಲ್ಲ. ತುದಿಯ ಸ್ವಲ್ಪ ಹಿಂದೆ ಕಣ್ಣಿಗೆ ಕಂಡೂ ಕಾಣದಂಥ ರೋಮಗಳಿರುತ್ತವೆ, ಹೆಚ್ಚಿನ ಕೆಲಸ ಅವುಗಳದ್ದು. ಅವುಗಳ ಆಯುಷ್ಯ ಕೆಲವೇ ದಿನ. ಬೇರು ಮುಂದೆ ಮುಂದೆ ಬೆಳೆದಂತೆ ಹೊಸವು ಹುಟ್ಟುತ್ತಾ ಹೋಗುತ್ತವೆ. ಅಗಿ ಕಿತ್ತಾಗ ಈ ರೋಮಗಳು ಹರಿದು ಮಣ್ಣಿನಲ್ಲೇ ಉಳಿಯುತ್ತವೆ. ನಾಟಿ ಮಾಡಿದ ಮೇಲೆ ಟೊಮೆಟೊ, ಮೆಣಸಿನ ಅಗಿ ನಾಲ್ಕಾರು ದಿನ ಸೊರಗಿ ನಿಲ್ಲೋದು ಇದಕ್ಕೇ. ಸಂಜೆ ಹೊತ್ತು ನಾಟಿ ಮಾಡಿರಿ ಎಂದು ಹಿರಿಯರು ಹೇಳೋದಕ್ಕೂ ಇದೇ ಕಾರಣ. ಹೊಸ ರೋಮ ಬರುವ ತನಕ ಎಲೆಯಿಂದ ನೀರು ಕಡಿಮೆ ಹೋಗಲಿ ಅಂತ. ದೊಡ್ಡ ಗಿಡಕ್ಕೆ ಗೊಬ್ಬರವನ್ನು ಬುಡಕ್ಕೆ ಸುರಿಯೋದೂ ದಂಡವೇ. ಬುಡದಲ್ಲಿರೋದು ಹಳೆಯ ದಪ್ಪ ಬೇರು, ಹೀರುವ ಎಳೆ ಬೇರು ದೂರ ಇರುತ್ತೆ. ಮಧ್ಯಾಹ್ನ ಗಿಡದ ನೆರಳು ಎಲ್ಲಿಗೆ ಮುಗಿಯುತ್ತೋ ಆ ಸುತ್ತಿನಲ್ಲಿ ಹಾಕಬೇಕು. ಡ್ರಿಪ್ ಇದ್ದಲ್ಲಿ ಲೆಕ್ಕ ಬೇರೆ, ಎಲ್ಲಿ ತೇವವೋ ಅಲ್ಲಿ ಬೇರು.

ಸವಳು ನೆಲದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಾವಿನಕಾಯಿ ಹೋಳಿಗೆ ಉಪ್ಪು ಹಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟು ಮುದುಡಿರುತ್ತೆ. ಉಪ್ಪು ಹೆಚ್ಚಿರುವ ಕಡೆಗೆ ನೀರು ಹೋಗುತ್ತೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದಾಗ ಬೇರಿನ ಗತಿಯೂ ಹೀಗೆಯೇ. ಕಣ್ಣಿಗೆ ನೆಲ ಹಸಿ ಇರುತ್ತೆ, ಬೇರಿಗೆ ಆ ನೀರು ಸಿಗೋದಿಲ್ಲ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಡಲು ಸುರುವಾದ ಮೇಲೆ ಎಡದಂಡೆಯ ಎರೆ ಭೂಮಿಯಲ್ಲಿ ನೀರು ಹೆಚ್ಚಾಗಿ, ಕೆಳಗಿನ ಉಪ್ಪು ನೀರಿನ ಜೊತೆ ಮೇಲೆ ಬಂದು, ನೀರು ಆವಿಯಾಗಿ ಉಪ್ಪು ಮಾತ್ರ ಉಳಿದು, ಎಷ್ಟೋ ಹೊಲ ಬೆಳ್ಳಗಾದವು. ಸವಳು-ಜವಳು ಎಂದು ಎರಡನ್ನೂ ಜೋಡಿಸಿ ಹೇಳೋದು ಸುಮ್ಮನೆ ಅಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ನೆಲದ ಬಗ್ಗೆಯೇ ವರ್ಷಗಟ್ಟಲೆ ಕೆಲಸ ನಡೆದಿದೆ. ಸರಕಾರಿ ಗೊಬ್ಬರವೂ ಒಂದು ಉಪ್ಪೇ. ಒಣ ನೆಲದಲ್ಲಿ ಎಳೆ ಗಿಡದ ಬುಡಕ್ಕೆ ಯೂರಿಯಾ ಹಾಕಿದರೆ ಗಿಡ ಸುಟ್ಟಂತಾಗೋದು ಆ ಉಪ್ಪಿನಕಾಯಿಯ ಲೆಕ್ಕದಲ್ಲೇ.

ಕಾಂಡದ ಎರಡು ದಾರಿ

ಸಂತೆಯಿಂದ ಒಂದು ಸುಗಂಧರಾಜದ ಕಡ್ಡಿ ತಂದು ಕೆಂಪು ಶಾಯಿ ಕಲಸಿದ ನೀರಿನಲ್ಲಿ ನಿಲ್ಲಿಸಿ, ಮಕ್ಕಳನ್ನೂ ಕೂರಿಸಿಕೊಳ್ಳಿ. ಕೆಲವು ತಾಸಿನಲ್ಲಿ ಬಿಳಿ ಹೂವಿನ ಎಸಳಿನ ಮೇಲೆ ಕೆಂಪು ಗೆರೆ ಮೂಡುತ್ತವೆ. ಅದು ನೀರು ಏರುವ ದಾರಿ. ಬೇರಿನಿಂದ ಎಲೆಯ ತುದಿಯವರೆಗೆ ಕೂದಲಿಗಿಂತ ಸಣ್ಣ ನಾಳಗಳು. ಕಾಂಡದಲ್ಲಿ ಎರಡನೆಯ ದಾರಿಯೂ ಇದೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ, ಕಾಯಿಗೆ, ಕುಡಿಗೆ ಹೋಗುವ ದಾರಿ ಅದು. ಬೇವು, ಮಾವು, ದಾಳಿಂಬೆಯಂಥ ಗಿಡಗಳಲ್ಲಿ ನೀರಿನ ದಾರಿ ಒಳಗಿನ ಕಟ್ಟಿಗೆಯಲ್ಲಿ, ಆಹಾರದ ದಾರಿ ತೊಗಟೆಗೆ ಅಂಟಿಕೊಂಡು ಇರುತ್ತೆ. ಈ ಎರಡರ ನಡುವೆ ತೆಳ್ಳನೆಯ ಒಂದು ಪದರ, ಕಾಂಡ ದಪ್ಪ ಆಗೋದು ಅದರಿಂದ. ಕಸಿ ಹಿಡಿಯೋದೂ ಆ ಪದರಕ್ಕೆ ಪದರ ಕೂಡಿದರೆ ಮಾತ್ರ.

ಇದು ಗೊತ್ತಿದ್ದರೆ ಒಂದು ವಿಚಿತ್ರ ಅರ್ಥವಾಗುತ್ತೆ. ಆಡು ಕುರಿ ಗಿಡದ ತೊಗಟೆಯನ್ನು ಸುತ್ತ ಕೆರೆದು ತಿಂದರೆ ಗಿಡ ಕೂಡಲೇ ಒಣಗೋದಿಲ್ಲ. ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತೆ. ಕಟ್ಟಿಗೆಯೊಳಗಿನ ನೀರು ಏರುತ್ತಲೇ ಇದೆಯಲ್ಲ. ಆದರೆ ಬೇರಿಗೆ ಊಟ ಇಳಿಯೋದಿಲ್ಲ. ಬೇರು ಹಸಿದು ಸತ್ತ ಮೇಲೆ ಗಿಡ ಒಮ್ಮೆಲೇ ಒಣಗುತ್ತೆ, ನಾವು ಆಗ ಔಷಧಿ ಹುಡುಕುತ್ತೇವೆ. ದಾಳಿಂಬೆ ಗಿಡಕ್ಕೆ ಆಸರೆ ಕೋಲು ಕಟ್ಟಿದ ತಂತಿ ಮರೆತು ಬಿಟ್ಟರೂ ಇದೇ ಆಗುತ್ತೆ. ಕಾಂಡ ದಪ್ಪವಾದಂತೆ ತಂತಿ ತೊಗಟೆಯೊಳಗೆ ಹೂತುಹೋಗಿ ದಾರಿ ಮುಚ್ಚುತ್ತೆ. ವರ್ಷಕ್ಕೊಮ್ಮೆ ಸಡಿಲ ಮಾಡಿ.

ಅದೇ ಗುಣವನ್ನು ನಾವು ಗೂಟಿ ಕಟ್ಟುವಾಗ ಉಪಯೋಗಿಸುತ್ತೇವೆ. ದಾಳಿಂಬೆ ಟೊಂಗೆಯ ತೊಗಟೆಯನ್ನು ಬಳೆಯಂತೆ ತೆಗೆದು, ತೇವದ ಪಾಚಿ ಸುತ್ತಿ, ಪ್ಲಾಸ್ಟಿಕ್ ಕಟ್ಟುತ್ತೇವೆ. ಎಲೆಯಿಂದ ಇಳಿದ ಊಟ ಕೆಳಗೆ ಹೋಗಲಾರದೆ ಬಳೆಯ ಮೇಲಂಚಿನಲ್ಲಿ ತುಂಬಿ ಅಲ್ಲಿ ಬೇರು ಒಡೆಯುತ್ತೆ. ಬೇರು ಯಾವಾಗಲೂ ಮೇಲಂಚಿನಲ್ಲೇ ಬರುತ್ತೆ, ಗಮನಿಸಿ ನೋಡಿ.

ಜೋಳ, ನೆಲ್ಲು, ಮೆಕ್ಕೆಜೋಳ, ತೆಂಗು, ಬಾಳೆಗೆ ಈ ಲೆಕ್ಕ ಹೊಂದೋದಿಲ್ಲ. ಮೊಳೆಯುವಾಗ ಒಂದೇ ಎಲೆ ಬಿಡುವ ಜಾತಿ ಇವು. ಜೋಳದ ದಂಟು ಮುರಿದರೆ ಬೆಂಡಿನ ತುಂಬ ನೂಲಿನಂಥ ಎಳೆ ಚೆಲ್ಲಿಕೊಂಡಿರುತ್ತವೆ. ಒಂದೊಂದು ಎಳೆಯಲ್ಲೂ ಎರಡೂ ದಾರಿ ಕೂಡಿಯೇ ಇವೆ. ನಡುವಿನ ಪದರ ಇಲ್ಲ, ಹಾಗಾಗಿ ಕಸಿಯೂ ಇಲ್ಲ.

ಜೋಳದ ಜೀವ ಇರೋದು ಸುಳಿಯಲ್ಲಿ. ಮೊದಲ ಮೂರು ನಾಲ್ಕು ವಾರ ಆ ಬೆಳೆಯುವ ತುದಿ ನೆಲದ ಮಟ್ಟಕ್ಕಿಂತ ಕೆಳಗೇ ಇರುತ್ತೆ. ಎಳೆ ಪೈರಿನ ಎಲೆಯನ್ನು ದನ ಮೇದರೂ ಮತ್ತೆ ಚಿಗುರೋದು ಅದಕ್ಕೇ. ಆದರೆ ಸುಳಿ ನೊಣದ ಹುಳ ನೇರವಾಗಿ ಆ ತುದಿಯನ್ನೇ ಕಡಿಯುತ್ತೆ. ಎಲೆಯೆಲ್ಲ ಹಸಿರು, ನಡುವಿನ ಸುಳಿ ಮಾತ್ರ ಒಣಗಿ, ಎಳೆದರೆ ಕೈಗೆ ಬರುತ್ತೆ. ಆ ಗಿಡ ಮೇಲಕ್ಕೆ ಹೋಗೋದು ಅಲ್ಲಿಗೆ ಮುಗಿಯಿತು, ಬುಡದಿಂದ ಮರಿ ಒಡೆಯುತ್ತೆ.

ಕಡಲೆಯಲ್ಲಿ ಇದರ ಲಾಭದ ಮುಖ ಇದೆ. ತುದಿ ಕುಡಿ ಇರುವ ತನಕ ಅದು ಪಕ್ಕದ ಮೊಗ್ಗುಗಳನ್ನು ಮಲಗಿಸಿ ಇಟ್ಟಿರುತ್ತೆ. ಕುಡಿ ಚಿವುಟಿದರೆ ಅವೆಲ್ಲ ಎದ್ದು ಟೊಂಗೆ ಆಗುತ್ತವೆ. ನಮ್ಮ ಹೆಣ್ಣುಮಕ್ಕಳು ಬಿತ್ತಿದ ತಿಂಗಳಿಗೆ ಉಡಿ ಕಟ್ಟಿಕೊಂಡು ಕಡ್ಲಿ ಪಲ್ಯ ಚಿವುಟಿ ತರೋದು ಎಷ್ಟು ಕಾಲದ ಪದ್ಧತಿಯೋ. ಅಡಿಗೆಗೂ ಆಯ್ತು, ಟೊಂಗೆಯೂ ಹೆಚ್ಚಿತು. ಹೂ ಕಾಣಿಸಿದ ಮೇಲೆ ಮಾತ್ರ ಚಿವುಟಬಾರದು.

ಉಳ್ಳಾಗಡ್ಡಿ ಬೆಳೆಯುವ ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಒಂದು ಮಾತು. ಗಡ್ಡಿ ಎಂದು ಕರೆದರೂ ಅದು ಬೇರೂ ಅಲ್ಲ, ಕಾಂಡವೂ ಅಲ್ಲ. ಎಲೆಯ ಬುಡ ಉಬ್ಬಿ ಆದದ್ದು. ಒಂದೊಂದು ಎಲೆಗೆ ಒಂದೊಂದು ಪದರ. ಎಲೆ ರೋಗದಿಂದ ಬೇಗ ಒಣಗಿದರೆ ಗಡ್ಡಿ ಸಣ್ಣದಾಗೋದರಲ್ಲಿ ಆಶ್ಚರ್ಯ ಇಲ್ಲ. ಬಾಳೆಯಲ್ಲಿ ನಾವು ದಿಂಡು ಅನ್ನೋದೂ ಬಹುಪಾಲು ಎಲೆಯ ಸುರುಳಿಯೇ, ನಿಜವಾದ ಕಾಂಡ ನೆಲದೊಳಗಿನ ಗಡ್ಡೆ.

ಎಲೆ ಅಡಿಗೆಮನೆ

ಗಿಡ ಮಣ್ಣು ತಿಂದು ಬೆಳೆಯುತ್ತೆ ಎಂದು ಜನ ಬಹಳ ಕಾಲ ನಂಬಿದ್ದರು. ಈಗಿನ ಬೆಲ್ಜಿಯಂ ದೇಶದ ವಾನ್ ಹೆಲ್ಮಾಂಟ್ ಎಂಬಾತ ಸುಮಾರು 90 ಕಿಲೋ ಒಣ ಮಣ್ಣು ತೂಗಿ ಕುಂಡಕ್ಕೆ ತುಂಬಿ, ಎರಡೂ ಕಾಲು ಕಿಲೋದ ಒಂದು ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿ ಸಾಕಿದ. ಕೊನೆಗೆ ಗಿಡ ಸುಮಾರು 77 ಕಿಲೋ ತೂಗಿತು. ಮಣ್ಣನ್ನು ಒಣಗಿಸಿ ತೂಗಿದರೆ ಕಮ್ಮಿಯಾದದ್ದು 60 ಗ್ರಾಂ ಕೂಡ ಇಲ್ಲ. ಅವನ ಬರಹ ಅಚ್ಚಾದದ್ದು 1648ರಲ್ಲಿ. ಎಲ್ಲ ನೀರಿನಿಂದಲೇ ಬಂತು ಎಂದು ಅವನು ತಿಳಿದ. ಗಾಳಿಯ ಪಾಲು ಅವನಿಗೆ ಗೊತ್ತಾಗಲಿಲ್ಲ. ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್, ಬೇರಿನಿಂದ ನೀರು ತೆಗೆದುಕೊಂಡು, ಬಿಸಿಲಿನ ಶಕ್ತಿಯಿಂದ ಸಕ್ಕರೆ ಮಾಡುತ್ತೆ. ಮಣ್ಣಿನ ಸತ್ವ ತೂಕದಲ್ಲಿ ಕಡಿಮೆ, ಆದರೆ ಅಡಿಗೆಗೆ ಉಪ್ಪು ಇದ್ದ ಹಾಗೆ, ಅದಿಲ್ಲದೆ ನಡೆಯೋದಿಲ್ಲ.

ಎಲೆಗೆ ಸಣ್ಣ ಬಾಯಿಗಳಿವೆ, ಹೆಚ್ಚಿನ ಬೆಳೆಗಳಲ್ಲಿ ಅಡಿಭಾಗದಲ್ಲೇ ಜಾಸ್ತಿ. ಗಾಳಿ ಒಳಗೆ ಬರೋದೂ ನೀರು ಆವಿಯಾಗಿ ಹೋಗೋದೂ ಇಲ್ಲಿಂದಲೇ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಹೀಗೆ ಹೊರಗೆ ಹೋಗುತ್ತೆ. ಅದು ಪೋಲು ಎಂದು ತಿಳಿಯಬೇಡಿ, ಮೇಲಿನ ಈ ಎಳೆತವೇ ಕೆಳಗಿನ ನೀರನ್ನು ಏರಿಸುವ ಪಂಪು. ಎಲೆಯುಳ್ಳ ಟೊಂಗೆಗೆ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಮಧ್ಯಾಹ್ನಕ್ಕೆ ಒಳಗೆ ಹನಿ ಕೂತಿರುತ್ತೆ. ನೀರು ಸಾಲದಾಗ ಗಿಡ ಬಾಯಿ ಮುಚ್ಚುತ್ತೆ, ಆಗ ಗಾಳಿಯೂ ಬರದೆ ಅಡಿಗೆ ನಿಲ್ಲುತ್ತೆ. ಎಲೆ ಬಾಡಿದ ದಿನವೆಲ್ಲ ಇಳುವರಿ ಹೋದ ದಿನ. ಬಾಯಿ ತೆರೆದಿದ್ದರೆ ರೋಗಕ್ಕೂ ಬಾಗಿಲು ತೆರೆದ ಹಾಗೆ. ನಮ್ಮ ಜಿಲ್ಲೆಯ ದಾಳಿಂಬೆ ತೋಟಗಳನ್ನು ಹಾಳು ಮಾಡಿದ ದುಂಡಾಣು ಅಂಗಮಾರಿ ಒಳಗೆ ಹೋಗೋದು ಈ ಬಾಯಿಗಳಿಂದ ಮತ್ತು ಗಾಯಗಳಿಂದ. ಮಳೆಯಲ್ಲಿ ಚಾಟನಿ ಮಾಡಬೇಡಿ, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಔಷಧಿ ನೀರಿನಲ್ಲಿ ಅದ್ದಿರಿ ಅನ್ನೋದು ಅದಕ್ಕೇ.

ಹಳದಿ ಎಲೆ ಕಂಡ ಕೂಡಲೇ ಯೂರಿಯಾ ಚೀಲಕ್ಕೆ ಕೈ ಹಾಕುವ ಚಟ ನನಗಿತ್ತು, ನಿಮ್ಮಲ್ಲೂ ಕೆಲವರಿಗೆ ಇರಬಹುದು. ಯಾವ ಎಲೆ ಹಳದಿ ಎಂದು ಮೊದಲು ನೋಡಬೇಕು. ಸಾರಜನಕ ಗಿಡದೊಳಗೆ ಓಡಾಡುವ ವಸ್ತು. ಕೊರತೆ ಬಿದ್ದರೆ ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತೆ, ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿ. ಕಬ್ಬಿಣ ಹಾಗೆ ಓಡಾಡೋದಿಲ್ಲ. ಅದರ ಕೊರತೆ ಹೊಸ ಎಲೆಯಲ್ಲಿ, ನರ ಹಸಿರು, ನಡುವೆ ಹಳದಿ. ಸುಣ್ಣದ ಅಂಶ ಇರುವ ಎರೆಯಲ್ಲಿ, ಅದೂ ನೀರು ಹೆಚ್ಚಾದಾಗ, ಶೇಂಗಾ ಹೀಗೆ ಬೆಳ್ಳಗಾಗುತ್ತೆ. ಅದಕ್ಕೆ ಯೂರಿಯಾ ಸುರಿದು ಫಲವಿಲ್ಲ. ನೀರು ತಡೆಯಬೇಕು, ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಎಲೆಗೆ ಹೊಡೆಯಬೇಕು. ನನ್ನ ಪಪ್ಪಾಯಿಯ ಹಳದಿ ಸಾರಜನಕದ ಕೊರತೆಯ ಥರಾನೇ ಕಂಡಿತ್ತು. ಮಣ್ಣಿನಲ್ಲಿ ಸಾರಜನಕ ಇತ್ತು, ಬೇರಿಗೆ ಹೀರುವ ಶಕ್ತಿ ಇರಲಿಲ್ಲ.

ಹೂವಿನ ನಂತರ

ಹೂವಿನ ಬಗ್ಗೆ ನಮ್ಮ ಕಡೆ ಬೀಜೋತ್ಪಾದನೆಯಲ್ಲಿ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಸಂಜೆ ಹತ್ತಿ ಮೊಗ್ಗಿನ ಗಂಡು ಭಾಗ ತೆಗೆದು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸುವ ಕೆಲಸ ಅವರದು. ಹೂವಿನಲ್ಲಿ ಗಂಡು ಹೆಣ್ಣು ಎಲ್ಲಿವೆ ಎಂದು ಅವರನ್ನೇ ಕೇಳಿ. ಮೆಕ್ಕೆಜೋಳದಲ್ಲಿ ತಲೆಯ ಮೇಲಿನದು ಗಂಡು, ಪಕ್ಕದ ತೆನೆ ಹೆಣ್ಣು. ತೆನೆಯ ಒಂದೊಂದು ರೇಷ್ಮೆ ಎಳೆ ಒಂದೊಂದು ಕಾಳಿಗೆ ಹೋಗುತ್ತೆ. ಆ ವಾರ ನೀರಿನ ಕೊರತೆಯಾದರೆ ತೆನೆ ಬೊಕ್ಕಾಗುತ್ತೆ, ಆಮೇಲೆ ಎಷ್ಟು ನೀರು ಬಿಟ್ಟರೂ ಕಾಳು ಬರೋದಿಲ್ಲ. ದಾಳಿಂಬೆಯಲ್ಲಿ ಗಂಟೆಯಂತೆ ಬುಡ ಸಣ್ಣಗಿರುವ ಹೂ ಉದುರಿದರೆ ಗಾಬರಿ ಬೇಡ, ಅವು ಕಾಯಿ ಕಟ್ಟದ ಹೂ. ಬುಡ ಉಬ್ಬಿ ಗಡಿಗೆಯಂತೆ ಇರೋದು ಕಾಯಿ ಆಗುತ್ತೆ.

ಎಲ್ಲಕ್ಕಿಂತ ಮೋಜಿನದು ಶೇಂಗಾ. ಹೂ ನೆಲದ ಮೇಲೆ, ಕಾಯಿ ನೆಲದ ಒಳಗೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಇಳಿದು ಮಣ್ಣಿಗೆ ಚುಚ್ಚಿ, ಕತ್ತಲಲ್ಲಿ ಕಾಯಿ ಕಟ್ಟುತ್ತೆ. ಸೂಜಿ ಇಳಿಯುವ ಮೊದಲು ಎಡೆ ಹೊಡೆದು ಮಣ್ಣು ಸಡಿಲ ಮಾಡಬೇಕು, ಇಳಿದ ಮೇಲೆ ಎಡೆ ಹೊಡೆದರೆ ಕಾಯಿಯೇ ಹರಿಯುತ್ತೆ. ಇನ್ನೊಂದು ವಿಶೇಷ, ಬೇರು ಹೀರಿದ ಸುಣ್ಣದ ಅಂಶ ನೀರಿನ ಜೊತೆ ಎಲೆಗೆ ಏರುತ್ತೆ, ಅಲ್ಲಿಂದ ಕೆಳಗಿನ ಕಾಯಿಗೆ ಇಳಿಯೋದಿಲ್ಲ. ಕಾಯಿ ತನಗೆ ಬೇಕಾದ ಸುಣ್ಣವನ್ನು ತಾನೇ ಸುತ್ತಲಿನ ಮಣ್ಣಿನಿಂದ ಹೀರಬೇಕು. ಹೂ ಬಿಡುವ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ ಬುಡದ ಅಕ್ಕಪಕ್ಕ ಹಾಕಿ ಮಣ್ಣಿನಲ್ಲಿ ಬೆರೆಸಿರಿ ಅನ್ನೋದರ ಹಿಂದೆ ಇರೋದು ಇದು. ಮಸಾರಿಯಲ್ಲಿ ಜಿಪ್ಸಂ ಹಾಕದೆ ಕಾಯಿ ಜೊಳ್ಳಾಯಿತು ಎಂದು ಬೀಜದವರನ್ನು ಬೈದವರಲ್ಲಿ ನಾನೂ ಒಬ್ಬ.

ಶೇಂಗಾ ಕಿತ್ತಾಗ ಬೇರಿನ ಗಂಟು ಒಂದೆರಡು ಒಡೆದು ನೋಡಿ. ಒಳಗೆ ಕೆಂಪಗಿದ್ದರೆ ಗಾಳಿಯ ಸಾರಜನಕ ಹಿಡಿಯುವ ಸೂಕ್ಷ್ಮಜೀವಿಗಳು ದುಡಿಯುತ್ತಿವೆ. ಹಸಿರು, ಬೂದು ಬಣ್ಣವಿದ್ದರೆ ಅವು ಕೆಲಸ ಬಿಟ್ಟಿವೆ.

ಬೇರು ನೋಡಬೇಕೆಂದು ಗಿಡವನ್ನು ಜಗ್ಗಿ ಕೀಳಬೇಡಿ, ನೋಡಬೇಕಾದ ಎಳೆ ಬೇರೇ ಹರಿದು ಹೋಗುತ್ತೆ. ಗೇಣು ದೂರದಲ್ಲಿ ಸಲಿಕೆ ಹಾಕಿ ಹೆಂಟೆ ಸಮೇತ ಎತ್ತಿ, ಬಕೀಟಿನ ನೀರಿನಲ್ಲಿ ಅರ್ಧ ತಾಸು ನೆನೆಸಿದರೆ ಮಣ್ಣು ತಾನೇ ಕಳಚುತ್ತೆ. ಒಂದು ಚೆನ್ನಾಗಿರುವ ಗಿಡ, ಒಂದು ಸೊರಗಿದ ಗಿಡ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕುಣಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳ ಸಂದಿಯಲ್ಲಿ ನೀರು ಬಂದರೆ ಪಂಪ್‌ಸೆಟ್ ಬಂದ್ ಮಾಡಿ.

ಪಪ್ಪಾಯಿ ಹೋದ ಜಾಗದಲ್ಲಿ ನಾನು ಬದುವಿನ ಉದ್ದಕ್ಕೂ ಎರಡೂವರೆ ಅಡಿ ಆಳದ ಬಸಿಗಾಲುವೆ ತೆಗೆದು ಹಳ್ಳಕ್ಕೆ ಕೂಡಿಸಿದೆ. ಪಕ್ಕದ ಗದ್ದೆಯವರು ತಮ್ಮ ನೀರು ಬಸಿದು ಹೋಗುತ್ತೆ ಎಂದು ಮೊದಲು ತಕರಾರು ಮಾಡಿದರು. ಅವರನ್ನೂ ಕರೆದು ಕೊಳೆತ ಬೇರು ಕೈಗೆ ಕೊಟ್ಟೆ. ಈಗ ಬದುವಿನ ಆ ಕಡೆ ಅವರು ಕೆಸರು ತುಳಿದು ಗಟ್ಟಿ ಮಾಡುತ್ತಾರೆ, ಈ ಕಡೆ ಬಸಿಗಾಲುವೆಯ ಹೂಳು ತೆಗೆಯೋದು ನನ್ನ ಪಾಲಿನ ಕೆಲಸ. ಏರು ಮಡಿ ಮಾಡಿ ಹಚ್ಚಿದ ಮೆಣಸಿನಕಾಯಿಯ ಬೇರು ಮೊನ್ನೆ ಅಗೆದು ನೋಡಿದೆ, ಬೆಳ್ಳಗಿದೆ.